ಬುತ್ತಿ ಕಟ್ಟಿಕೊಂಡು ಆಲಂಪುರಕ್ಕೆ

ರಾಯಚೂರಿನಿಂದ ಐಜ ಮಾರ್ಗವಾಗಿ ಆಲಂಪುರದ ಕಡೆಗೆ ಸಾಗುವ ದಾರಿಯಲ್ಲಿ ಶಾಂತಿನಗರ ಸಿಗುತ್ತದೆ. ಸುತ್ತಲೂ ಹತ್ತಿ ಮತ್ತು ಮೆಣಸಿನಕಾಯಿಯ ಹೊಲಗಳು. ಗದ್ವಾಲದ ಈ ಭಾಗ ಹತ್ತಿಯ ಬೀಜೋತ್ಪಾದನೆಗೆ ಹೆಸರಾದುದು. ಹೊಲದ ಕೆಲಸಕ್ಕೋ, ಅಂಗಡಿಯ ವ್ಯಾಪಾರಕ್ಕೋ, ನೌಕರಿಯ ವರ್ಗಾವಣೆಗೋ ಮಕ್ತಲ್, ಕೃಷ್ಣಾ ಮಂಡಲಗಳ ಕನ್ನಡ ಮನೆಗಳು ಇಂತಹ ಊರಿಗೆ ಬಂದು ನೆಲೆಸುವುದುಂಟು. ದೊಡ್ಡವರಿಗೆ ಊರಿನ ಪರಿಚಯವನ್ನು ಕೆಲಸವೇ ಮಾಡಿಸಿಬಿಡುತ್ತದೆ. ಮಕ್ಕಳ ಪಾಡು ಬೇರೆ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ತೆಲುಗಿನ ಊರಿಗೆ ಬಂದಾಗ ಮೊದಲ ಕೆಲವು ವಾರ ಬಾಯಿ ತೆರೆಯುವುದೇ ಇಲ್ಲ. ತಪ್ಪು ಮಾತನಾಡಿದರೆ ನಗುತ್ತಾರೆ ಎಂಬ ಅಂಜಿಕೆ. ಶಾಲೆ ಬಿಟ್ಟೊಡನೆ ಮನೆ. ಮನೆಯಲ್ಲಿ ದೂರದರ್ಶನ ಅಥವಾ ಮೊಬೈಲು. ತಿಂಗಳು ಕಳೆದರೂ ಮನೆಯಿಂದ ಶಾಲೆಗೆ ಹೋಗುವ ದಾರಿಯೊಂದನ್ನು ಬಿಟ್ಟು ಊರಿನ ಬೇರಾವ ಬೀದಿಯೂ ಆ ಮಗುವಿಗೆ ತಿಳಿದಿರುವುದಿಲ್ಲ.

ಇಂತಹ ಮನೆಗಳಲ್ಲಿ ತಂದೆತಾಯಿಗಳು ಸಾಮಾನ್ಯವಾಗಿ ಕೊಡುವ ಸಲಹೆ, 'ಮೊದಲು ತೆಲುಗು ಚೆನ್ನಾಗಿ ಬರಲಿ, ಆಮೇಲೆ ತಿರುಗಾಡುವಿಯಂತೆ' ಎಂಬುದು. ಈ ಸಲಹೆ ಹಿಂದುಮುಂದಾಗಿದೆ. ಭಾಷೆ ಬರುವುದು ತಿರುಗಾಟದಿಂದ. ಓರಗೆಯ ಮೂವರು ನಾಲ್ವರೊಡನೆ ತಿಂಡಿಯ ಬಂಡಿಯ ಮುಂದೆ ನಿಂತು, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗಕ್ಕೆ ಜಗಳವಾಡಿ, ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡ ಮಗುವಿಗೆ ಒಂದು ಭಾನುವಾರದಲ್ಲಿ ಒದಗುವ ಮಾತು ಪಾಠದ ಪುಸ್ತಕದಿಂದ ಎರಡು ತಿಂಗಳಿಗೂ ಒದಗುವುದಿಲ್ಲ.

ಅಲ್ಲದೆ ಈ ಸೀಮೆಯನ್ನು ಕನ್ನಡದ ಮಕ್ಕಳು ಪೂರ್ತಿ ಪರಕೀಯವೆಂದು ಬಗೆಯಬೇಕಾದ ಕಾರಣವೂ ಇಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬರುವವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಆ ಎರಡನ್ನು ಬಿಟ್ಟು ಉಳಿದ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು; ಇವೆರಡು ಮಹಬೂಬನಗರದ ಪಾಲಾದವು. ಗೆರೆ ಎಳೆದವರು ಬಹುಸಂಖ್ಯೆಯ ಜನರ ಮಾತನ್ನು ಲೆಕ್ಕ ಹಿಡಿದರು. ಅಡುಗೆಮನೆಯ ಲೆಕ್ಕ ಹಿಡಿದಿದ್ದರೆ ಗೆರೆಯನ್ನು ಎಲ್ಲಿ ಎಳೆಯುತ್ತಿದ್ದರೋ ಹೇಳುವುದು ಕಷ್ಟ.

ಬೆಳಗಿನ ತಿಂಡಿಯನ್ನೇ ನೋಡಬಹುದು. ಶಾಂತಿನಗರದಿಂದ ಕರ್ನೂಲಿನವರೆಗಿನ ಸೀಮೆಯಲ್ಲಿ ಬಂಡಿಯವರು ಮಾರುವ 'ಉಗ್ಗಾನಿ ಬಜ್ಜಿ'ಯ ಹೆಸರು ಕೇಳಿ ಹೊಸದಾಗಿ ಬಂದ ಮಗು ಹಿಂಜರಿಯುತ್ತದೆ. ತಟ್ಟೆ ಕೈಗೆ ಬಂದಾಗ ನೋಡಿದರೆ ಅದು ರಾಯಚೂರು, ಬಳ್ಳಾರಿಗಳ ಮಂಡಾಳ ಒಗ್ಗರಣೆ ಮತ್ತು ಮಿರ್ಚಿಯೇ. ಮಂಡಾಳನ್ನು ನೀರಿನಲ್ಲಿ ಒಂದು ಗಳಿಗೆ ನೆನೆಸಿ, ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನ ಬಿದ್ದ ಒಗ್ಗರಣೆಗೆ ಹಾಕಿ, ಕೊನೆಯಲ್ಲಿ ಪುಟಾಣಿಯ ಹಿಟ್ಟನ್ನು ಉದುರಿಸಿ ಕಲಸುವುದು; ಪಕ್ಕಕ್ಕೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿ. ಇಲ್ಲಿ ಮಂಡಾಳಿಗೆ ಬೊರುಗುಲು ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಉಗ್ಗಾನಿ, ಒಗ್ಗರಣೆ ಎಂಬ ಎರಡು ಹೆಸರುಗಳನ್ನು ಒಂದರ ಪಕ್ಕಕ್ಕೊಂದು ಇಟ್ಟು ಬಾಯಲ್ಲಿ ಆಡಿಸಿ ನೋಡುವುದೇ ಮಕ್ಕಳಿಗೆ ಒಂದು ವಿನೋದ.

ಸ್ನೇಹಿತರ ಗುಂಪಿನಲ್ಲಿ ಈ ವಿನೋದವನ್ನು ಮುಂದುವರಿಸಿದರೆ ಒಂದು ಪಟ್ಟಿಯೇ ಆಗುತ್ತದೆ. ಉಳ್ಳಾಗಡ್ಡಿ ಇಲ್ಲಿ ಉಲ್ಲಿಗಡ್ಡ. ಜೋಳದ ರೊಟ್ಟಿ ಜೊನ್ನ ರೊಟ್ಟೆ. ಪುಂಡಿಪಲ್ಯ ಪುಂಟಿಕೂರ. ಸಾರು ಚಾರು, ಮಜ್ಜಿಗೆ ಮಜ್ಜಿಗ, ಉಪ್ಪು ಉಪ್ಪೇ. ಶೇಂಗಾ ಮಾತ್ರ ಪಲ್ಲಿಯಾಗಿ ದಾರಿ ತಪ್ಪಿಸುತ್ತದೆ. ಶೇಂಗಾಹಿಂಡಿಯನ್ನು ಪಲ್ಲಿಯ ಪೊಡಿ ಎಂದು ಕೇಳಬೇಕು. ಮೋಸಗೊಳಿಸುವ ಮಾತುಗಳೂ ಇವೆ. 'ಪಾಲು ಬೇಕೇ' ಎಂದು ತೆಲುಗಿನ ಅಕ್ಕ ಕೇಳಿದರೆ ಕನ್ನಡದ ಹುಡುಗ ಯಾವ ಆಸ್ತಿಯ ಪಾಲೆಂದು ಕಣ್ಣರಳಿಸುತ್ತಾನೆ. ಆಕೆ ಕೇಳಿದ್ದು ಹಾಲನ್ನು. ಇಂತಹ ನಗೆಯಲ್ಲಿ ಯಾರೂ ಚಿಕ್ಕವರಾಗುವುದಿಲ್ಲ, ಏಕೆಂದರೆ ಮರುಗಳಿಗೆಯಲ್ಲಿ ತೆಲುಗಿನ ಹುಡುಗ ಕನ್ನಡದಲ್ಲಿ ಹಾಲು ಕೇಳಹೋಗಿ ಅಷ್ಟೇ ಚೆನ್ನಾಗಿ ಎಡವಿರುತ್ತಾನೆ.

ಅಂಗಡಿಯ ಹಲಗೆಗಳನ್ನು ಓದುವುದು ಮಾತಿಗಿಂತ ಸುಲಭ. ಕನ್ನಡ ಮತ್ತು ತೆಲುಗಿನ ಲಿಪಿಗಳು ಒಂದೇ ತಾಯಿಲಿಪಿಯಿಂದ ಕವಲೊಡೆದವು. ತಲೆಕಟ್ಟಿನ ಆಕಾರ ಬೇರೆಯೆಂಬುದನ್ನು ಗಮನಿಸಿ, ಹತ್ತಾರು ಅಕ್ಷರಗಳ ಚಿಕ್ಕಪುಟ್ಟ ಭೇದವನ್ನು ಗುರುತಿಟ್ಟುಕೊಂಡರೆ ಸಾಕು; ಬಸ್ಸಿನ ಹಲಗೆಯನ್ನು ಕನ್ನಡ ಶಾಲೆಯ ಮಗು ಬಹಳ ಬೇಗ ಓದಬಲ್ಲದು.

ಊಟದ ವಿಷಯದಲ್ಲಿ ಗದ್ವಾಲದ ಕಡೆಯ ದೊಡ್ಡ ಆಕರ್ಷಣೆ ಜುರಾಲದ ಮೀನು. ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿದ ಪ್ರಿಯದರ್ಶಿನಿ ಜುರಾಲ ಅಣೆಕಟ್ಟಿನ ಬಳಿ, ರಸ್ತೆಯ ಬದಿಯಲ್ಲಿ, ಜಲಾಶಯದ ಮೀನನ್ನು ಖಾರ ಹಚ್ಚಿ ಕಣ್ಣೆದುರೇ ಹುರಿದುಕೊಡುವ ಅಂಗಡಿಗಳ ಸಾಲಿದೆ. ದೂರದ ಊರುಗಳವರು ಇದಕ್ಕೆಂದೇ ಬರುತ್ತಾರೆ. ಆದರೆ ಮಕ್ಕಳ ಗುಂಪು ಹೊರಡುವಾಗ ಒಂದು ಮಾತನ್ನು ಮನೆಯವರು ಮರೆಯಬಾರದು. ಗುಂಪಿನಲ್ಲಿ ಮೀನು ತಿನ್ನುವವರೂ ಇರುತ್ತಾರೆ, ತಿನ್ನದವರೂ ಇರುತ್ತಾರೆ. ಹಣ ಇರುವವರೂ, ಬಸ್ಸಿನ ಖರ್ಚನ್ನೇ ಕಷ್ಟದಿಂದ ಹೊಂದಿಸಿಕೊಂಡು ಬಂದವರೂ ಇರುತ್ತಾರೆ. ಹೊಸ ಊರಿನಲ್ಲಿ ಕಟ್ಟಿಕೊಂಡ ಗೆಳೆತನ ಮುರಿಯುವುದು ಭಾಷೆಯಿಂದ ಅಪರೂಪ. ಯಾರ ಬುತ್ತಿಯನ್ನು ಯಾರು ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂಬಲ್ಲಿ ಅದು ಮುರಿಯುತ್ತದೆ. 'ಅವರ ಮನೆಯದನ್ನು ತಿನ್ನಬೇಡ' ಎಂದು ಬಾಗಿಲಲ್ಲಿ ಕಿವಿಗೆ ಉಸುರಿ ಕಳುಹಿಸಿದ ಮಾತು ಮಧ್ಯಾಹ್ನದ ಹೊತ್ತಿಗೆ ಹೊಳೆದಂಡೆಯಲ್ಲಿ ಎಲ್ಲರಿಗೂ ಕೇಳಿಸುವಂತಾಗುತ್ತದೆ. ತಿನ್ನದಿರುವುದು ಒಬ್ಬೊಬ್ಬರ ಇಷ್ಟ. ಆದರೆ ಕೂಡುವುದು ಒಂದೇ ಸಾಲಿನಲ್ಲಿ ಆಗಬೇಕು, ತಂದದ್ದರಲ್ಲಿ ಎಲ್ಲರಿಗೂ ಒಪ್ಪುವಂತಹ ರೊಟ್ಟಿ, ಹಿಂಡಿ, ಮೊಸರನ್ನದಂತಹ ಒಂದೆರಡು ಪದಾರ್ಥಗಳು ಸಾಕಷ್ಟು ಇರಬೇಕು. ತಾಯಂದಿರು ಇದನ್ನು ಹಿಂದಿನ ದಿನ ಪರಸ್ಪರ ಮಾತನಾಡಿಕೊಂಡರೆ ಅವರ ನಡುವೆಯೂ ಪರಿಚಯ ಬೆಳೆಯುತ್ತದೆ.

ಶಾಂತಿನಗರದವರಿಗೆ ಒಂದು ದಿನದ ತಿರುಗಾಟಕ್ಕೆ ಆಲಂಪುರದಷ್ಟು ತಕ್ಕ ಸ್ಥಳ ಬೇರೊಂದಿಲ್ಲ. ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ನವಬ್ರಹ್ಮ ಎಂಬ ಹೆಸರಿನ ಒಂಬತ್ತು ದೇವಾಲಯಗಳಿವೆ. ಹೆಸರು ಬ್ರಹ್ಮನದಾದರೂ ಇವು ಶಿವಾಲಯಗಳು. ಏಳು ಮತ್ತು ಎಂಟನೆಯ ಶತಮಾನಗಳಲ್ಲಿ ಬಾದಾಮಿಯ ಚಾಲುಕ್ಯರ ಆಳ್ವಿಕೆಯಲ್ಲಿ ಕಟ್ಟಲ್ಪಟ್ಟವು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಪಾಠದ ಪುಸ್ತಕದ ಚಿತ್ರಗಳಲ್ಲಿ ಮಾತ್ರ ಕಂಡ ಗಡಿನಾಡಿನ ಮಗುವಿಗೆ ಅದೇ ಅರಸರ ಕಲ್ಲಿನ ಕೆಲಸ ಬಸ್ಸಿನ ದಾರಿಯಲ್ಲೇ ಇದೆ ಎಂಬುದನ್ನು ಶಾಲೆಗಳು ಸಾಕಷ್ಟು ಒತ್ತಿ ಹೇಳುತ್ತಿಲ್ಲ. ಪಟ್ಟದಕಲ್ಲಿನ ಗಳಗನಾಥದ ಶಿಖರದ ಚಿತ್ರವನ್ನು ಜೊತೆಗೆ ಒಯ್ದು ಇಲ್ಲಿಯ ಶಿಖರಗಳೊಡನೆ ಹೋಲಿಸುವಂತೆ ಹೇಳಿದರೆ ಮಕ್ಕಳು ಗಂಟೆಗಟ್ಟಲೆ ಅಲ್ಲಿಯೇ ಇರುತ್ತಾರೆ.

ಇವುಗಳಲ್ಲಿ ಅತ್ಯಂತ ಚೆಲುವಾದುದು ಸ್ವರ್ಗಬ್ರಹ್ಮ. 681ರಿಂದ 696ರವರೆಗೆ ಆಳಿದ ವಿನಯಾದಿತ್ಯನ ಕಾಲದ್ದು. ಅದನ್ನು ಕಟ್ಟಿಸಿದವನ ಹೆಸರು ಶಾಸನದಿಂದ ತಿಳಿದಿದೆ: ಲೋಕಾದಿತ್ಯ ಎಳ ಅರಸ. ಎಳೆಯ ಎಂದರೇನು, ಅರಸ ಎಂದರೇನು ಎಂಬುದನ್ನು ಕನ್ನಡ ಶಾಲೆಯ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ. ಅದುವರೆಗೆ ಬಸ್ಸಿನ ಟಿಕೆಟ್ಟು ಕೇಳುವುದಕ್ಕೂ ತಿಂಡಿಯ ಬೆಲೆ ವಿಚಾರಿಸುವುದಕ್ಕೂ ತೆಲುಗಿನ ಗೆಳೆಯರ ಹಿಂದೆ ನಿಂತಿದ್ದ ಹುಡುಗಿ ಆ ಬಾಗಿಲಿನ ಮುಂದೆ ಗುಂಪಿಗೆ ಅರ್ಥ ಹೇಳುವವಳಾಗುತ್ತಾಳೆ. ಆಲಂಪುರದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳೂ ದೊರೆತಿವೆ. ಅಂದಿನ ಅಕ್ಷರಗಳನ್ನು ಇಂದಿನ ಮಕ್ಕಳು ಪೂರ್ತಿ ಓದಲಾರರು, ಕನ್ನಡದವರೂ ಓದಲಾರರು, ತೆಲುಗಿನವರೂ ಓದಲಾರರು. ಆದರೆ ಎರಡೂ ಕಡೆಯವರು ಸೇರಿ ಕಲ್ಲಿನ ಮೇಲೆ ಬೆರಳಿಟ್ಟು 'ಇದು ರ, ಇದು ಮ' ಎಂದು ಗುರುತಿಸುವಾಗ ಯಾವ ಅಕ್ಷರ ಯಾರದೆಂಬ ಪ್ರಶ್ನೆ ಏಳುವುದಿಲ್ಲ. ಬೆರಳನ್ನು ಕಲ್ಲಿಗೆ ಒತ್ತದಿರಲಿ, ಸುಣ್ಣ ಬಳಿಯದಿರಲಿ, ಹೆಸರು ಕೊರೆಯದಿರಲಿ ಎಂದು ಜೊತೆಗೆ ಹೋದ ಹಿರಿಯರು ಎಚ್ಚರ ಹೇಳಬೇಕು.

ಗುಡಿಗಳ ಮಗ್ಗುಲಲ್ಲೇ ಷಾ ಅಲಿ ಪೆಹಲ್ವಾನರ ದರ್ಗಾ ಇದೆ. ಗುಂಪಿನಲ್ಲಿರುವ ಮುಸ್ಲಿಂ ಮನೆಯ ಮಕ್ಕಳು ಅಲ್ಲಿಗೆ ಉಳಿದವರನ್ನು ಕರೆದೊಯ್ಯುತ್ತಾರೆ. ಊರಿಗೆ ಬರುವ ದಾರಿಯಲ್ಲಿ ಕೂಡಲ ಸಂಗಮೇಶ್ವರ ದೇವಾಲಯವನ್ನೂ ನೋಡಬೇಕು. ತುಂಗಭದ್ರೆ ಕೃಷ್ಣೆಯನ್ನು ಕೂಡುವ ಕೂಡವೆಲ್ಲಿಯಲ್ಲಿ ಅದು ಮೊದಲು ನಿಂತಿತ್ತು. ಶ್ರೀಶೈಲ ಜಲಾಶಯದ ಹಿನ್ನೀರಿನಲ್ಲಿ ಮುಳುಗಬೇಕಾಗಿದ್ದ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಊರು ಬಿಟ್ಟು ಬಂದ ಮಕ್ಕಳಿಗೆ ಈ ಗುಡಿಯ ಕಥೆ ಹಿಡಿಸುತ್ತದೆ.

ಇನ್ನೊಂದು ಭಾನುವಾರಕ್ಕೆ ಕೃಷ್ಣಾ ಮಂಡಲದ ಮುಡುಮಾಲ. ಗದ್ವಾಲದಿಂದ ರಾಯಚೂರಿಗೆ 2013ರಿಂದ ರೈಲು ಓಡುತ್ತಿದೆ. ಮಕ್ತಲ್ ಕಡೆಯಿಂದ ಬರುವವರಿಗೆ 2023ರ ಅಕ್ಟೋಬರ್ 1ರಂದು ಜಕ್ಲೇರ್ ಮತ್ತು ಕೃಷ್ಣಾ ನಡುವಿನ ಹೊಸ ಹಳಿ ತೆರೆಯಿತು. ಮುಡುಮಾಲದ ಬಯಲಿನಲ್ಲಿ ಹತ್ತು ಹದಿನಾಲ್ಕು ಅಡಿ ಎತ್ತರದ ಸುಮಾರು ಎಂಬತ್ತು ಕಲ್ಲುಗಳು ನೆಟ್ಟಗೆ ನಿಂತಿವೆ, ಚಿಕ್ಕವು ಇನ್ನೂ ಅಸಂಖ್ಯ. ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ತೆಲುಗಿನವರು ನಿಲುವು ರಾಳ್ಳು ಎನ್ನುತ್ತಾರೆ, ಕನ್ನಡದಲ್ಲಿ ನಿಲುವುಗಲ್ಲು. ಒಂದು ಬಂಡೆಯ ಮೇಲಿನ ಚಿಕ್ಕ ಕುಳಿಗಳು ಸಪ್ತರ್ಷಿಮಂಡಲದ ನಕ್ಷತ್ರಗಳನ್ನು ಸೂಚಿಸುತ್ತವೆಂದು ಸಂಶೋಧಕರು ಗುರುತಿಸಿದ್ದಾರೆ. 2025ರಲ್ಲಿ ಈ ಸ್ಥಳ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ನೆರಳಿಲ್ಲದ ಬಯಲು, ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ದಸರೆಯಿಂದ ಶಿವರಾತ್ರಿಯವರೆಗಿನ ತಿಂಗಳುಗಳೇ ಮಕ್ಕಳ ತಿರುಗಾಟಕ್ಕೆ ಯೋಗ್ಯ.

ಹೊಳೆಯ ವಿಷಯವಾಗಿ ಮಾತ್ರ ಸಡಿಲ ಬಿಡಬಾರದು. ಆಲಮಟ್ಟಿ, ನಾರಾಯಣಪುರಗಳಿಂದ ನೀರು ಬಿಟ್ಟರೆ ಅದು ಜುರಾಲಕ್ಕೆ ಬರುತ್ತದೆ. ಇಲ್ಲಿ ಮಳೆಯ ಹನಿ ಇಲ್ಲದ ದಿನದಲ್ಲೂ ಬಾಗಿಲುಗಳು ತೆರೆಯಬಹುದು, ಅಣೆಯ ಕೆಳಗಿನ ಬಂಡೆಗಳು ನೋಡನೋಡುತ್ತ ಮುಳುಗಬಹುದು. ತುಂಗಭದ್ರೆಯ ಸಿಟ್ಟನ್ನು ಆಲಂಪುರ, ರಾಜೋಳಿಗಳ ಹಿರಿಯರು 2009ರ ಅಕ್ಟೋಬರ್ ಮೊದಲ ವಾರದಲ್ಲಿ ಕಂಡಿದ್ದಾರೆ. ರಾಜೋಳಿಯಲ್ಲಿ ನೇಕಾರರ ಮಗ್ಗಗಳು ಮನೆಗಳೊಡನೆ ನೀರಿನಲ್ಲಿ ನಿಂತವು. ಅಲ್ಲಿಗೆ ಹೋದಾಗ ನೀರು ಎಲ್ಲಿಯವರೆಗೆ ಬಂದಿತ್ತೆಂದು ದಾರಿಯಲ್ಲಿ ಸಿಕ್ಕ ಅಜ್ಜಿಯೊಬ್ಬಳನ್ನು ಮಕ್ಕಳು ತಮ್ಮ ಅರೆಬರೆ ತೆಲುಗಿನಲ್ಲೇ ಕೇಳಲಿ. ಆಕೆ ಗೋಡೆಯ ಮೇಲೆ ಕೈಯಿಟ್ಟು ತೋರಿಸುವ ಎತ್ತರ ಯಾವ ಎಚ್ಚರಿಕೆಯ ಫಲಕಕ್ಕಿಂತಲೂ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ದಂಡೆಯಲ್ಲಿ ಊಟ ಸರಿ, ನೀರಿಗೆ ಇಳಿಯುವುದು ಬೇಡ; ಗುಂಪಿನೊಡನೆ ಒಬ್ಬ ಹಿರಿಯರಾದರೂ ಇರಲೇಬೇಕು. ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುವ ಮನೆಗಳಿಗೂ ಇದೇ ಉಪಾಯ: ಬೇಡ ಎಂಬುದಕ್ಕೆ ಬದಲಾಗಿ ತಾಯಿಯೋ, ಚಿಕ್ಕಮ್ಮನೋ, ಅಕ್ಕನೋ ಜೊತೆಗೆ ಹೊರಡಬಹುದು. ಅವರೂ ಊರು ನೋಡಿರುವುದಿಲ್ಲ.

ಇಷ್ಟು ಸುತ್ತಿದ ಮೇಲೆ ಕರೆಯುವ ಸರದಿ ಕನ್ನಡದ ಮನೆಯದು. ಎಳ್ಳಮಾವಾಸ್ಯೆಗೆ ಊರಿನ ಹೊಲದಲ್ಲಿ ಚರಗ ಚೆಲ್ಲುವ ದಿನ ಶಾಂತಿನಗರದ ಗೆಳೆಯರನ್ನು ಕೃಷ್ಣೆಯ ದಂಡೆಯ ಹಳ್ಳಿಗೆ ಕರೆದುಕೊಂಡು ಹೋಗಬಹುದು. ಹಿಂಗಾರಿನ ಜೋಳ ಎದೆಯೆತ್ತರ ನಿಂತಿರುತ್ತದೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಾಳುಪಲ್ಯ, ಕಡುಬು, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾದ ಹೋಳಿಗೆಗಳ ಬುಟ್ಟಿ ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ನಡೆಯುತ್ತಾರೆ. ಮೊದಲು ಭೂತಾಯಿಗೆ ಚರಗ, ಆಮೇಲೆ ಬಂದವರಿಗೆಲ್ಲ ಊಟ. ಊಟ ಮುಗಿದ ಮೇಲೆ ತಂಗಡಿಯವರೆಗೆ ಹೋದರೆ ಭೀಮೆ ಬಂದು ಕೃಷ್ಣೆಯನ್ನು ಸೇರುವುದನ್ನು ದಂಡೆಯ ಮೇಲೆ ನಿಂತು ನೋಡಬಹುದು. ಚರಗಕ್ಕೆ ತೆಲುಗಿನಲ್ಲಿ ಏನೆನ್ನುತ್ತಾರೆ ಎಂದು ಆ ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ; ಉತ್ತರವನ್ನು ಮಕ್ಕಳೇ ಹುಡುಕಿಕೊಳ್ಳಲಿ.