ಗಾಜಿನ ಮೇಲಿನ ಮಲ್ಲಿಗೆ

"ಹೂವನ್ನು ಯಂತ್ರದ ಮೇಲೆ ಕವುಚಿಹಾಕಿ ಗುಂಡಿ ಒತ್ತಿದರೆ ಅದೂ ಒಂದು ಕಲೆಯೇ?"

ಚಿತ್ರಪ್ರದರ್ಶನವೊಂದರ ತೀರ್ಪುಗಾರರಾಗಿದ್ದ ಮಹನೀಯರೊಬ್ಬರು ನನ್ನ ಶಂಕರಪುರದ ಮಲ್ಲಿಗೆಯ ಚಿತ್ರವನ್ನು ಹಿಂದಿರುಗಿಸುತ್ತ ಕೇಳಿದ ಮಾತಿದು. ಕ್ಯಾಮರಾದಿಂದ ತೆಗೆದಿದ್ದರೆ ಅಡ್ಡಿಯಿರಲಿಲ್ಲವಂತೆ; ಕಾಗದಪತ್ರಗಳ ನಕಲು ತೆಗೆಯುವ ಸ್ಕ್ಯಾನರಿನಿಂದ ತೆಗೆದದ್ದೇ ದೋಷವಂತೆ. ಗುಂಡಿ ಒತ್ತುವುದು ಕ್ಯಾಮರಾದಲ್ಲೂ ಉಂಟಷ್ಟೆ! ಅಲ್ಲಿ ಒತ್ತಿದರೆ ಕಲೆ, ಇಲ್ಲಿ ಒತ್ತಿದರೆ ಗುಮಾಸ್ತಿಕೆ ಎಂಬ ನ್ಯಾಯ ನನಗೆ ತಿಳಿಯಲಿಲ್ಲ.

ಸಸ್ಯಚಿತ್ರಕ್ಕೆ ಬೇಕಾದುದು ಅಳತೆ ಮತ್ತು ವಿವರ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್'ಗಾಗಿ ಮಲಬಾರಿನ ಗಿಡಗಳ ಎಲೆ, ಹೂ, ಕಾಯಿಗಳನ್ನು ಬಿಡಿಸಿ ಬರೆದವರು ಸಾಧಿಸಿದ್ದು ಇದನ್ನೇ. 1843ರಲ್ಲಿ ಇಂಗ್ಲೆಂಡಿನ ಆನಾ ಆಟ್ಕಿನ್ಸ್ ಎಂಬಾಕೆ ರಾಸಾಯನಿಕ ಬಳಿದ ಕಾಗದದ ಮೇಲೆ ಕಡಲಪಾಚಿಗಳನ್ನಿಟ್ಟು, ಬಿಸಿಲಿಗೆ ಒಡ್ಡಿ, ಕ್ಯಾಮರಾದ ಹಂಗಿಲ್ಲದೆಯೇ ನೀಲಿ ಚಿತ್ರಗಳನ್ನು ಪಡೆದರು. ಸ್ಕ್ಯಾನರಿನ ಗಾಜು ಆ ಕಾಗದದ ವಂಶಕ್ಕೇ ಸೇರಿದ್ದು.

ಗಾಜಿನಡಿಯಲ್ಲಿ ದೀಪವೂ ಅದರ ಕಣ್ಣೂ ಜೊತೆಯಾಗಿ ಗೆರೆಗೆರೆಯಾಗಿ ಸರಿಯುತ್ತವೆ. ಅಂಗುಲಕ್ಕೆ 1200 ಬಿಂದುಗಳಂತೆ ತೆಗೆದರೆ, ಗಾಜಿಗೆ ತಾಗಿದ ಎಸಳಿನ ಅಳತೆ ಚಿತ್ರದಿಂದಲೇ ದೊರೆಯುತ್ತದೆ. ಶ್ರಮವಿಲ್ಲವೆಂದವರಾರು? ತೆಳ್ಳಗಿನ ಸ್ಕ್ಯಾನರುಗಳು ಗಾಜಿಗೆ ತಾಗಿದ್ದನ್ನಷ್ಟೆ ಸ್ಪಷ್ಟವಾಗಿ ಕಾಣುತ್ತವೆ. ದಪ್ಪನೆಯ ಹಳೆಯ ಬಗೆಯದನ್ನು ಹುಡುಕಬೇಕು. ಭಾರ ಬಿದ್ದರೆ ಹೂ ಚಪ್ಪಟೆಯಾಗುತ್ತದೆ. ತೊಟ್ಟಿಗೆ ನೂಲು ಕಟ್ಟಿ, ತಾಗಿಯೂ ತಾಗದಂತೆ ತೂಗಬಿಡಬೇಕು. ಮುಚ್ಚಳ ತೆರೆದು ಕೋಣೆಯನ್ನು ಕತ್ತಲೆ ಮಾಡಿದರೆ ಹಿನ್ನೆಲೆ ಕಪ್ಪು. ಒಂದು ಕಣ ಧೂಳು ಬಿದ್ದರೂ ಮೊದಲಿನಿಂದ ಕೆಲಸ. ಅಷ್ಟರಲ್ಲಿ ಮಲ್ಲಿಗೆ ಬಾಡದೆ ಕಾದೀತೆ?

ಶಂಕರಪುರದಲ್ಲಿ ಮಲ್ಲಿಗೆಯೆಂದರೆ ಲೆಕ್ಕ. 800 ಹೂವಿಗೊಂದು ಚೆಂಡು, ನಾಲ್ಕು ಚೆಂಡಿಗೊಂದು ಅಟ್ಟೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಆ ದಿನದ ದರಕ್ಕೆ ಒಪ್ಪಿಸುವ ಮನೆಯವರ ಬೆರಳುಗಳಲ್ಲಿ ಅಟ್ಟೆಯ 3200 ಹೂಗಳೂ ಒಂದೊಂದಾಗಿ ಹಾದುಹೋಗುತ್ತವೆ. ಕ್ಯಾಮರಾದೊಡನೆ ಬಂದವರು ತೆಗೆಯುವುದು ಮಾತ್ರ ರಾಶಿಯನ್ನು. ನನಗೆ ಬೇಕಾದದ್ದು ಒಂದು ಅರಳಿದ ಹೂ, ಎರಡು ಮೊಗ್ಗುಗಳ ಒಂದೇ ಒಂದು ಕುಡಿ.

ಆ ಕುಡಿ ಕೊಟ್ಟ ಬಾಯಮ್ಮನವರಿಗೆ ಹಿಂದೆ ಬಂದ ಚಿತ್ರವನ್ನು ತೋರಿಸಿದೆ. ಅರೆನಿಮಿಷ ನೋಡಿ, "ಈ ಮೊಗ್ಗಿಗೆ ಹುಳ ಹೊಡೆದಿದೆ ಮಾರಾಯ್ರೆ, ಇದನ್ನು ನಾವು ಕಟ್ಟುವುದಿಲ್ಲ" ಎಂದರು. ತೊಟ್ಟಿನ ಬಳಿ ಸೂಜಿಮೊನೆಯಷ್ಟು ತೂತು! ತೀರ್ಪುಗಾರರು ಯಂತ್ರವನ್ನು ನೋಡಿದರು. ಇವರು ಹೂವನ್ನು ನೋಡಿದರು.

ಸ್ಕ್ಯಾನರ್ ಹಿಡಿದ ನಮ್ಮವರಿಗೂ ಒಂದು ಮಾತು. ಗಣಕಯಂತ್ರದಲ್ಲಿ ಆ ತೂತನ್ನು ಅಳಿಸಿ, ಎಸಳಿಗೆ ಬಿಳುಪು ಬಳಿಯುವ ಚಪಲ ನಮಗೂ ಉಂಟು. ನನ್ನ ಕೈಯೂ ಒಮ್ಮೆ ಅತ್ತ ಹೋಗಿತ್ತು. ಹಾಗೆ ಮಾಡಿದ ದಿನ ಮಹನೀಯರ ಮಾತೇ ಗೆದ್ದೀತು. ಗಿಡದಲ್ಲಿ ಇದ್ದುದನ್ನು ಇದ್ದಂತೆ ತೋರುವುದಕ್ಕಲ್ಲವೆ ಈ ಗಾಜಿನ ಮೊರೆಹೊಕ್ಕದ್ದು?

ಮುಂದಿನ ವರ್ಷವೂ ಅದೇ ಚಿತ್ರವನ್ನು ಕಳುಹಿಸುತ್ತೇನೆ, ಹುಳದ ತೂತಿನ ಸಹಿತ.