ಅಟ್ಟದ ಮನೆ ಮತ್ತು ಅಂಗಡಿಯ ಬಂಡವಾಳ

ಕಳೆದ ತಿಂಗಳು ನಮ್ಮ ಭಾಗದ ಹಿರಿಯ ವರ್ತಕರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ವಾರ್ಷಿಕ ಲೆಕ್ಕಪತ್ರಗಳಿಗೆ ಸಹಿ ಮಾಡಿದ ಮೇಲೆ ಕೈಚೀಲದಿಂದ ಹೊಳಪು ಕಾಗದದ ಬಣ್ಣದ ಪುಸ್ತಿಕೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಮಾರಾಟಕ್ಕಿರುವ ‘ಲಕ್ಸುರಿ ಲಾಫ್ಟ್’ ಅಪಾರ್ಟ್‌ಮೆಂಟಿನ ಜಾಹೀರಾತು ಅದು. ಎರಡಾಳೆತ್ತರದ ಹಜಾರ, ಅದರೊಳಗೊಂದು ಮೇಲಂತಸ್ತು, ಕಿಟಕಿಯಿಂದ ಕಾಣುವ ಹಳೆಯ ಬಂಗಲೆಗಳ ಹೆಂಚಿನ ಮಾಡು. ಬೆಲೆ ಸುಮಾರು ಎರಡು ಕೋಟಿ ರೂಪಾಯಿ. “ಸಾರ್, ಅಂಗಡಿಯಿಂದ ಸ್ವಲ್ಪ ಹಣ ತೆಗೆದು ಇದನ್ನು ಕೊಂಡರೆ ಹೇಗೆ? ತೆರಿಗೆಯೂ ಉಳಿಯುತ್ತದಂತೆ” ಎಂದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆಗಳ ಅನೇಕ ವಾಣಿಜ್ಯ ಬಾಂಧವರು ಇತ್ತೀಚಿನ ವರ್ಷಗಳಲ್ಲಿ ಇದನ್ನೇ ಕೇಳುತ್ತಿದ್ದಾರೆ. ಆದುದರಿಂದ ಅವರಿಗೆ ನೀಡಿದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಲಾಫ್ಟ್ ಎಂದರೇನು?

ಲಾಫ್ಟ್ ಎಂದರೆ ನಮ್ಮ ಅಟ್ಟ. ರಾಗಿ, ಹುಣಸೆಹಣ್ಣು, ಒಣಮೆಣಸಿನಕಾಯಿಗಳನ್ನು ಇಡಲು ನಮ್ಮ ಹಿರಿಯರು ಕಟ್ಟಿಸಿಕೊಂಡಿದ್ದ ಜಾಗ. ಅದು ಐಷಾರಾಮಿ ಮನೆಯ ಹೆಸರಾದದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಅಲ್ಲಿನ ಸೋಹೋ ಎಂಬ ಹಳೆಯ ಭಾಗದಲ್ಲಿ ಬಟ್ಟೆ ಮತ್ತಿತರ ಸರಕುಗಳ ಸಣ್ಣ ಕಾರ್ಖಾನೆಗಳೂ ಗೋದಾಮುಗಳೂ ತುಂಬಿದ್ದವು. ಕಳೆದ ಶತಮಾನದ ಮಧ್ಯಭಾಗದಲ್ಲಿ ತಯಾರಕರು ಊರು ಬಿಟ್ಟರು. ಖಾಲಿ ಬಿದ್ದ ವಿಶಾಲ ಅಂತಸ್ತುಗಳಿಗೆ ಕಡಿಮೆ ಬಾಡಿಗೆಯ ಆಸೆಯಿಂದ ಚಿತ್ರಕಾರರು ಬಂದು ಸೇರಿಕೊಂಡರು. 1971ರಲ್ಲಿ ನಗರಾಡಳಿತವು ಕಲಾವಿದರ ವಾಸಕ್ಕೆ ಅನುಮತಿ ಕೊಟ್ಟಿತು, 1982ರಲ್ಲಿ ರಾಜ್ಯವು ಲಾಫ್ಟ್ ಕಾನೂನನ್ನೇ ಮಾಡಿತು. ಕೊನೆಗೆ ಶ್ರೀಮಂತರು ಬಂದರು.

ನಮ್ಮ ದೇಶದಲ್ಲಿಯೂ ನಡೆದದ್ದು ಬೇರೆಯಲ್ಲ. ಮುಂಬಯಿಯ ಗಿರಣಿಗಳು 1982ರ ಮಹಾ ಮುಷ್ಕರದ ನಂತರ ಚೇತರಿಸಿಕೊಳ್ಳಲಿಲ್ಲ. ಅವುಗಳ ನೆಲದ ಮೇಲೆ ಇಂದು ಗಗನಚುಂಬಿ ವಸತಿ ಕಟ್ಟಡಗಳೂ ಮಾಲ್‌ಗಳೂ ನಿಂತಿವೆ. ಬೆಂಗಳೂರಿನಲ್ಲಿ ಒಂದು ಗಿರಣಿಯಿಂದಲೇ ಹೆಸರು ಪಡೆದ ಬಿನ್ನಿಪೇಟೆಯಲ್ಲಿಯೂ ಗಿರಣಿ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ. ಅಂದರೆ ಲಾಫ್ಟ್ ಮನೆ ಹುಟ್ಟುವುದು ತಯಾರಿಕೆ ಹೊರಟುಹೋದ ಜಾಗದಲ್ಲಿ. ನಡೆಯುತ್ತಿರುವ ಉದ್ಯಮದ ಹಣವನ್ನು ಅದಕ್ಕೆ ಸುರಿಯುವ ಮುನ್ನ ತಯಾರಕರೂ ವರ್ತಕರೂ ಆದ ನಾವು ಈ ಮಾತನ್ನು ನೆನೆಯಬೇಕು.

ಮೈಸೂರಿನ ಹಳೆಯ ಬಡಾವಣೆಗಳ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಲೇಗಿನ ಅನುಭವದಿಂದ ಪಾಠ ಕಲಿತ ಸಂಸ್ಥಾನವು 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯನ್ನು ಸ್ಥಾಪಿಸಿತು. ಗಾಳಿ ಬೆಳಕು ಬರುವ ಅಗಲ ರಸ್ತೆಗಳು, ತೋಟದ ನಡುವಿನ ಮನೆಗಳು ಆ ಕಾಲದ ಯೋಜನೆಯ ಫಲ. ಇಂದು ಮಾರಾಟವಾಗುತ್ತಿರುವುದು ಆ ಹೆಸರು. ಆದರೆ ಒಂದು ಬಂಗಲೆ ಕೆಡವಿ ಹತ್ತಾರು ಮನೆಗಳನ್ನು ಎಬ್ಬಿಸಿದಾಗ ಆ ತೋಟವೂ ಆ ಹೆಂಚಿನ ಮಾಡೂ ಉಳಿಯುವುದಿಲ್ಲ. ಪುಸ್ತಿಕೆಯ ಕಿಟಕಿಯಿಂದ ಕಾಣುವ ನೋಟ ನೆರೆಯ ನಿವೇಶನವೂ ಮಾರಾಟವಾಗುವವರೆಗೆ ಮಾತ್ರ.

ಲೆಕ್ಕ ಏನು ಹೇಳುತ್ತದೆ?

ಎರಡು ಕೋಟಿಯ ಮನೆಗೆ ಎರಡು ಕೋಟಿ ಸಾಲದು. ಕಟ್ಟಡ ಇನ್ನೂ ಪೂರ್ಣಗೊಂಡಿರದಿದ್ದರೆ ಶೇಕಡ 5ರಷ್ಟು ಜಿ.ಎಸ್.ಟಿ. ಸೇರುತ್ತದೆ, ಅದಕ್ಕೆ ಹೂಡುವಳಿ ತೆರಿಗೆಯ ಸೌಲಭ್ಯವಿಲ್ಲ. ಮುದ್ರಾಂಕ ಶುಲ್ಕ ಸೆಸ್ ಮತ್ತು ಮೇಲ್ತೆರಿಗೆಗಳೊಂದಿಗೆ ಶೇಕಡ 5.6. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿಸಿದೆ. ಈ ಮೂರೂ ಕೂಡಿದರೆ ಸುಮಾರು 25 ಲಕ್ಷ ರೂಪಾಯಿ.

ಉದಾಹರಣೆಗೆ, 1 ಕೋಟಿ 20 ಲಕ್ಷ ರೂಪಾಯಿಯನ್ನು ಶೇಕಡ 8.5ರ ಬಡ್ಡಿಯಲ್ಲಿ 15 ವರ್ಷಕ್ಕೆ ಗೃಹಸಾಲ ಪಡೆದು, ಉಳಿದ 1 ಕೋಟಿ 5 ಲಕ್ಷವನ್ನು ಅಂಗಡಿಯಿಂದ ತೆಗೆದರೆಂದು ಭಾವಿಸೋಣ. ಮಾಸಿಕ ಕಂತು ಸುಮಾರು 1 ಲಕ್ಷ 18 ಸಾವಿರ. ಮೊದಲ ವರ್ಷದ ಬಡ್ಡಿಯೇ 10 ಲಕ್ಷ. ಅಂಗಡಿಯಲ್ಲಿ ಆ ಹಣ ವರ್ಷಕ್ಕೆ ಮೂರು ಸುತ್ತು ತಿರುಗಿ ಸುತ್ತಿಗೆ ನೂರಕ್ಕೆ ನಾಲ್ಕು ನಿವ್ವಳ ಲಾಭ ತರುತ್ತಿದ್ದರೆ, ಕೈಬಿಟ್ಟುಹೋಗುವ ಲಾಭ 12 ಲಕ್ಷ 60 ಸಾವಿರ. ಮನೆಯನ್ನು ಬಾಡಿಗೆಗೆ ಕೊಟ್ಟರೆ ಬೆಲೆಯ ಶೇಕಡ ಎರಡೂವರೆಯಂತೆ 5 ಲಕ್ಷ ಬಂದೀತು. ಕೊರತೆ 17 ಲಕ್ಷಕ್ಕೂ ಹೆಚ್ಚು. ಮನೆಯ ಬೆಲೆ ಪ್ರತಿ ವರ್ಷ ಶೇಕಡ 9ರ ಆಸುಪಾಸಿನಲ್ಲಿ ಏರಿದರೆ ಮಾತ್ರ ಲೆಕ್ಕ ಸರಿಸಮವಾಗುತ್ತದೆ, ಲಾಭದ ಮಾತು ಆಮೇಲೆ.

ಏರುವುದಾದರೂ ಯಾವುದು? ನೆಲದ ಬೆಲೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಅಪಾರ್ಟ್‌ಮೆಂಟಿನಲ್ಲಿ ನೆಲದ ಮೇಲೆ ನಮಗಿರುವುದು ಅವಿಭಜಿತ ಪಾಲು ಮಾತ್ರ. ಆ ಪಾಲು ಎಷ್ಟು ಚದರ ಅಡಿ ಎಂಬುದನ್ನು ಕ್ರಯಪತ್ರದ ಕರಡಿನಲ್ಲಿ ಮೊದಲು ನೋಡಬೇಕು. 2016ರ ರೇರಾ ಕಾಯ್ದೆ ಕಾರ್ಪೆಟ್ ವಿಸ್ತೀರ್ಣವನ್ನು ಸ್ಪಷ್ಟವಾಗಿ ಹೇಳಬೇಕೆಂದು ವಿಧಿಸಿದೆ. ಎರಡಾಳೆತ್ತರದ ಹಜಾರದ ಖಾಲಿ ಗಾಳಿಗೂ ಬೆಲೆ ತೆರುತ್ತಿದ್ದೇವೆಯೇ ಎಂಬುದು ಆಗ ತಿಳಿಯುತ್ತದೆ.

ತೆರಿಗೆ ಉಳಿಯುವುದು ನಿಜವೇ?

ಹಳೆಯ ನಿವೇಶನವನ್ನೋ ಗೋದಾಮನ್ನೋ ಮಾರಿದ ಹಣದಿಂದ ಮನೆ ಕೊಂಡರೆ ಬಂಡವಾಳ ಲಾಭಕ್ಕೆ ವಿನಾಯಿತಿ ಇದೆ, ನಿಜ. ಆದರೆ ಲಾಭವನ್ನಷ್ಟೇ ಅಲ್ಲ, ಮಾರಾಟದ ಪೂರ್ಣ ನಿವ್ವಳ ಮೊತ್ತವನ್ನು ತೊಡಗಿಸಿದರೆ ಮಾತ್ರ ಪೂರ್ಣ ವಿನಾಯಿತಿ. ಮಾರಾಟದ ದಿನ ಒಂದಕ್ಕಿಂತ ಹೆಚ್ಚು ವಾಸದ ಮನೆ ಇದ್ದವರಿಗೆ ಅದೂ ಇಲ್ಲ. 2024ರ ಜುಲೈ 23ರ ನಂತರ ದೀರ್ಘಾವಧಿ ಬಂಡವಾಳ ಲಾಭದ ತೆರಿಗೆ ದರ ಸಾಮಾನ್ಯವಾಗಿ ಶೇಕಡ 12.5. ಲಾಭದ ರೂಪಾಯಿಯಲ್ಲಿ ಹನ್ನೆರಡೂವರೆ ಪೈಸೆ ಉಳಿಸಲು ಮಾರಾಟದ ಇಡೀ ರೂಪಾಯಿಯನ್ನು ಕಟ್ಟಿಹಾಕುವುದು ಎಲ್ಲರಿಗೂ ಒಪ್ಪುವ ವ್ಯವಹಾರವಲ್ಲ.

ಅಂಗಡಿಯ ಸಾಲದ ಹಣ ಸ್ವಂತ ಮನೆಗೆ ಹೋದರೆ, ಆ ಭಾಗದ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೆರಿಗೆ ಅಧಿಕಾರಿಗಳು ಒಪ್ಪುವುದಿಲ್ಲ. ಇನ್ನು “ಸ್ವಲ್ಪ ನಗದು ಕೊಡೋಣ” ಎಂಬ ಹಳೆಯ ಅಭ್ಯಾಸ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದನ್ನು ಪಡೆಯುವುದು 2015ರಿಂದ ನಿಷಿದ್ಧ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಕೊಟ್ಟವರೂ ಆ ಹಣದ ಮೂಲ ತೋರಿಸಬೇಕಾಗುತ್ತದೆ.

ಬ್ಯಾಂಕು ಏನು ನೋಡುತ್ತದೆ?

ಕೆಲವು ವರ್ಷಗಳ ಹಿಂದೆ ಗೊಬ್ಬರ ಮತ್ತು ಕೃಷಿ ಪರಿಕರಗಳ ವ್ಯಾಪಾರಿಯೊಬ್ಬರು ನನ್ನನ್ನು ಕೇಳದೆಯೇ ಬೇಸಿಗೆಯಲ್ಲಿ 60 ಲಕ್ಷ ತೆಗೆದು ನಗರದಲ್ಲಿ ಮನೆ ಕೊಂಡರು. ತಂಬಾಕಿನ ನಾಟಿ ಬಂದಾಗ ದಾಸ್ತಾನು ತುಂಬಲು ಹಣವಿರಲಿಲ್ಲ. ದಾಸ್ತಾನು ಕಡಿಮೆಯಾದುದರಿಂದ ಕ್ಯಾಷ್ ಕ್ರೆಡಿಟ್ ಖಾತೆಯಲ್ಲಿ ಹಣ ತೆಗೆಯುವ ಮಿತಿಯೂ ಇಳಿಯಿತು. ಅವರಲ್ಲಿಗೆ ಬರುತ್ತಿದ್ದ ರೈತರು ಬೇರೆ ಅಂಗಡಿಗೆ ಹೋದರು. ಹರಾಜು ಮುಗಿದ ಮೇಲೆ ಎಲ್ಲರಿಗೂ ಹಣ ಬಂದಿತು, ಇವರಿಗೆ ಮಾತ್ರ ಬರಬೇಕಾದ ಬಾಕಿಯೇ ಇರಲಿಲ್ಲ. ಮೂರನೆಯ ವರ್ಷ ಆ ಮನೆಯನ್ನು ಕೊಂಡ ಬೆಲೆಗೇ ಮಾರಿದರು. ಮುದ್ರಾಂಕ ಶುಲ್ಕವೂ ಬಡ್ಡಿಯೂ ಹೋದವು. ಹೋದ ಗಿರಾಕಿಗಳೆಲ್ಲ ಹಿಂದಿರುಗಲಿಲ್ಲ. ಮುನ್ನವೇ ಎಚ್ಚರಿಸಲಿಲ್ಲವಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.

ದುಡಿಯುವ ಬಂಡವಾಳಕ್ಕೆಂದು ಪಡೆದ ಅಲ್ಪಾವಧಿ ಸಾಲವನ್ನು ಮಂಜೂರಾತಿಯ ಷರತ್ತಿಗೆ ವಿರುದ್ಧವಾಗಿ ದೀರ್ಘಾವಧಿ ಆಸ್ತಿಗೆ ಬಳಸುವುದನ್ನು ರಿಸರ್ವ್ ಬ್ಯಾಂಕ್ ಹಣದ ದುರ್ವಿನಿಯೋಗವೆಂದು ಪರಿಗಣಿಸುತ್ತದೆ. ಬಾಕಿ 25 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದು ಸಾಲ ಸುಸ್ತಿಯಾದರೆ, ಉದ್ದೇಶಪೂರ್ವಕ ಸುಸ್ತಿದಾರನೆಂಬ ಹಣೆಪಟ್ಟಿಗೂ ಅದು ಕಾರಣವಾಗಬಹುದು.

ಇದರ ಪೆಟ್ಟು ಸಣ್ಣ ತಯಾರಕರಿಗೂ ತಗಲುತ್ತದೆ. ಉದ್ಯಮ್ ನೋಂದಣಿಯುಳ್ಳ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಂದ ಕೊಂಡ ಸರಕಿಗೆ ಲಿಖಿತ ಕರಾರಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಸಬೇಕು. ತಡವಾದರೆ, ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಲು ಸಾಧ್ಯ. 2023-24ರ ಹಣಕಾಸು ವರ್ಷದಿಂದ ಈ ನಿಯಮವಿದೆ. ಅಟ್ಟದ ಮನೆಯಲ್ಲಿ ಸಿಲುಕಿದ ಹಣದಿಂದ 45ನೇ ದಿನದ ಬಿಲ್ಲು ತೀರುವುದಿಲ್ಲ.

ನನ್ನ ಅಭಿಪ್ರಾಯ

ಮೈಸೂರಿನಲ್ಲಿ ಮನೆ ಮಾಡಲೇಬಾರದೆಂದು ನಾನು ಹೇಳುವುದಿಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೆ, ಹಿರಿಯರ ಚಿಕಿತ್ಸೆಗೆ, ನಿವೃತ್ತಿಯ ನೆಮ್ಮದಿಗೆ ಮನೆ ಬೇಕು. ವ್ಯಾಪಾರದ ಅಗತ್ಯ ಕಳೆದು ಉಳಿದ, ತೆರಿಗೆ ತೆತ್ತ ಲಾಭದಿಂದ ಕೊಳ್ಳಿರಿ. ಕಟ್ಟಡ ಮುಕ್ತಾಯ ಪ್ರಮಾಣಪತ್ರ ದೊರೆತ ಮನೆಯಾದರೆ ಜಿ.ಎಸ್.ಟಿ. ಇಲ್ಲ, ಕಾಯುವ ಆತಂಕವೂ ಇಲ್ಲ. ಬೆಲೆ 50 ಲಕ್ಷ ಅಥವಾ ಹೆಚ್ಚಾಗಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡ 1ರಷ್ಟನ್ನು ಮೂಲದಲ್ಲಿಯೇ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಲು ಮರೆಯಬೇಡಿರಿ. ಅದನ್ನು ಮನೆಯೆಂದೇ ಕರೆಯಿರಿ, ಹೂಡಿಕೆಯೆಂದು ಕರೆದು ಅಂಗಡಿಯ ಬಂಡವಾಳಕ್ಕೆ ಕೈ ಹಾಕಬೇಡಿರಿ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ವ್ಯಾಪಾರ ಬಹುಮಟ್ಟಿಗೆ ವರ್ಜೀನಿಯಾ ತಂಬಾಕನ್ನು ಅವಲಂಬಿಸಿದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದ 2005ರಲ್ಲಿ ಜಾರಿಗೆ ಬಂದಿದ್ದು, ಭಾರತವೂ ಅದರ ಸದಸ್ಯ. ತಂಬಾಕಿನ ನಂತರದ ವ್ಯಾಪಾರ ಯಾವುದೇ ಆಗಲಿ, ಶುಂಠಿ, ತೆಂಗು, ರಾಗಿಯ ಸಂಸ್ಕರಣೆಯೇ ಆಗಲಿ, ಅದಕ್ಕೆ ಬೇಕಾದ ಮೊದಲ ಬಂಡವಾಳ ನಮ್ಮಲ್ಲಿಯೇ ಹುಟ್ಟಬೇಕು. ಈ ಹಣ ಒಬ್ಬೊಬ್ಬರಿಂದಲೂ ನಗರದ ಅಟ್ಟ ಸೇರಿದರೆ ಇಲ್ಲಿ ಗೋದಾಮುಗಳು ಖಾಲಿಯಾಗುತ್ತವೆ. ಸೋಹೋದ ಖಾಲಿ ಗೋದಾಮುಗಳನ್ನು ಕೊಳ್ಳಲು ಶ್ರೀಮಂತರು ಬಂದರು. ನಮ್ಮವನ್ನು ಕೊಳ್ಳಲು ಯಾರೂ ಬರುವುದಿಲ್ಲ.

ಆದುದರಿಂದ ನಮ್ಮ ವಾಣಿಜ್ಯ ಸಂಸ್ಥೆಯ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಬೀಗ ಬಿದ್ದಿರುವ ಗೋದಾಮು, ಅಕ್ಕಿ ಗಿರಣಿ ಮತ್ತು ಅಂಗಡಿ ಕಟ್ಟಡಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಹೊಸ ಉದ್ಯಮ ಆರಂಭಿಸುವವರಿಗೆ ಭೋಗ್ಯಕ್ಕೋ ಬಾಡಿಗೆಗೋ ದೊರೆಯುವಂತೆ ಮಾಲೀಕರೊಡನೆ ಮಾತನಾಡಬೇಕು. ಲೆಕ್ಕಪತ್ರ ಮತ್ತು ಯೋಜನಾ ವರದಿಯ ಕೆಲಸದಲ್ಲಿ ನನ್ನಿಂದಾಗುವ ನೆರವನ್ನು ಶುಲ್ಕವಿಲ್ಲದೆ ನೀಡಲು ಸಿದ್ಧನಿದ್ದೇನೆ.

ಅಂದು ಬಂದಿದ್ದ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: “ಯಜಮಾನರೇ, ಈ ಹಂಗಾಮಿನ ದಾಸ್ತಾನಿಗೂ ಬಾಕಿ ಬಿಲ್ಲುಗಳಿಗೂ ಬೇಕಾದಷ್ಟನ್ನು ಮೊದಲು ತೆಗೆದಿಡಿ. ಉಳಿದದ್ದು ಎಷ್ಟೆಂದು ಮಾರ್ಚ್ ಕೊನೆಗೆ ನೋಡಿ, ಮನೆಯ ಮಾತು ಆಡೋಣ.” ಅವರು ಒಪ್ಪಿದರು. ಓದುಗ ಬಾಂಧವರೂ ಮುಂಗಡ ಹಣ ಕೊಡುವ ಮುನ್ನ ತಮ್ಮ ಲೆಕ್ಕಪರಿಶೋಧಕರೊಡನೆ ಒಮ್ಮೆ ಕುಳಿತು ಈ ಲೆಕ್ಕ ಹಾಕಿಕೊಳ್ಳಬೇಕೆಂದು ಕೋರುತ್ತೇನೆ.