ಬೀಗರಿಗೊಂದು ಬಾಟಲಿ

ಹೋದ ಸಂಚಿಕೆಯಲ್ಲಿ ಹುರುಳಿಕಾಳಿನ ಬಸ್ಸಾರು ಬರೆದವಳು ಈ ಸಲ ವಿಸ್ಕಿ ಬಾಟಲಿಯ ಬಗ್ಗೆ ಬರೆಯುತ್ತಿದ್ದಾಳಲ್ಲ ಎಂದು ಮೂಗು ಮುರಿಯಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ಬೆಂಗಳೂರಿನಲ್ಲಿರುವ ನಮ್ಮ ಬೀಗರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗುವವರಿದ್ದರು. ಏನು ಉಡುಗೊರೆ ಕೊಡೋಣ ಎಂದು ಮಗಳನ್ನು ಕೇಳಿದೆ. "ಪಂಚೆ, ಶಲ್ಯ ಬೀರು ತುಂಬ ಇದೆಯಮ್ಮ. ಮಾವನಿಗೆ ಒಂದು ಒಳ್ಳೆ ಸಿಂಗಲ್ ಮಾಲ್ಟ್ ತಂದ್ಕೊಡಿ, ತುಂಬ ಖುಷಿ ಪಡ್ತಾರೆ" ಅಂದುಬಿಟ್ಟಳು. ನನ್ನ ಎದೆ ಧಸಕ್ಕೆಂದಿತು.

ಯಾಕೆಂದರೆ ನನ್ನ ಅಣ್ಣನನ್ನು ತಿಂದದ್ದು ಇದೇ ಕುಡಿತ. ನಮ್ಮ ಶಿರಾ ಸೀಮೆಯ ಹೊಲ ನಿಮಗೆ ಗೊತ್ತಲ್ಲ, ಮಳೆ ಬಂದರೆ ಕಡಲೆಕಾಯಿ, ಇಲ್ಲದಿದ್ದರೆ ಬರೀ ಧೂಳು. ಅಂಥ ಹೊಲದಲ್ಲಿ ಬಂದಷ್ಟು ದುಡ್ಡೂ ಸಾರಾಯಿ ಅಂಗಡಿಗೆ ಹೋಯಿತು, ಕೊನೆಗೆ ಹೊಲವೂ ಹೋಯಿತು, ಅಣ್ಣನೂ ಹೋದ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅತ್ತಿಗೆ ಹೇಳಿದ್ದು ಒಂದೇ ಮಾತು: "ಆರು ವರ್ಷ ತಡ ಆಯ್ತು ಕಣಮ್ಮ."

ಎರಡು ದಿನ ಯೋಚನೆ ಮಾಡಿದೆ. ನಮ್ಮ ಯಜಮಾನರು "ಅವರ ಮನೆ ಬೇರೆ, ನಿಮ್ಮಣ್ಣನ ಮನೆ ಬೇರೆ" ಅಂದರು. ಮಾತು ಸರಿ. ಆದರೆ ಬೇರೆ ಅಂತ ಹೇಳಬೇಕಾದವರು ಯಾರು? ಆ ಮನೆಯ ಹೆಂಗಸಲ್ಲವೆ? ಸಂಕೋಚ ಬಿಟ್ಟು ಬೀಗಿತಿಗೇ ಫೋನು ಮಾಡಿದೆ. ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಈ ಮನೆಗೆ ಎಷ್ಟೋ ಬಾಟಲಿ ಬಂದಿವೆ ಕಣ್ರೀ. ತರಬಹುದಾ ಅಂತ ನನ್ನ ಕೇಳಿದ್ದು ನೀವೊಬ್ಬರೇ" ಅಂದರು. ಶನಿವಾರ ರಾತ್ರಿ ಮಾತ್ರ, ಅದೂ ಅಳತೆ ಮೀರದ ಹಾಗೆ, ಮಾತ್ರೆ ಗೀತ್ರೆ ಏನೂ ಇಲ್ಲ ಎಂದು ಹೇಳಿ, "ತನ್ನಿ, ಆದರೆ ಒಂದೇ ತನ್ನಿ" ಎಂದು ಒಪ್ಪಿದರು.

ಒಪ್ಪಿಗೆಯೇನೋ ಸಿಕ್ಕಿತು, ಆರಿಸುವುದು ಹೇಗೆ? ನಾನಂತೂ ಅದರ ರುಚಿ ಕಂಡವಳಲ್ಲ. ಅಳಿಯಂದಿರು ಬಿಡಿಸಿ ಹೇಳಿದಾಗ ಅರ್ಥವಾಯಿತು, ಇದರಲ್ಲಿ ಅರ್ಧ ನಮ್ಮ ಅಡುಗೆಮನೆಯ ವಿದ್ಯೆಯೇ!

ಮಕ್ಕಳಿಗೆ ರಾಗಿ ಮಾಲ್ಟ್ ಮಾಡುತ್ತೇವಲ್ಲ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸುತ್ತೇವೆ. ರಾಗಿಯ ಬದಲು ಬಾರ್ಲಿಯನ್ನು ಹಾಗೆ ಮೊಳಕೆ ಬರಿಸಿ ಒಣಗಿಸಿದರೆ ಅದೇ 'ಮಾಲ್ಟ್'. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸಿ ಸಿಹಿ ನೀರು ಬಸಿದು, ಈಸ್ಟು ಹಾಕಿ ಹುಳಿ ಬರಿಸಿ, ತಾಮ್ರದ ಹಂಡೆಗಳಲ್ಲಿ ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. 'ಸಿಂಗಲ್' ಎಂದರೆ ಎಲ್ಲವೂ ಒಂದೇ ಭಟ್ಟಿಮನೆಯದು, ಬೇರೆ ಕಡೆಯದು ಬೆರೆಸಿಲ್ಲ ಎಂದರ್ಥ. ನಮ್ಮ ದೇಶದಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ವಿಸ್ಕಿಗಳಲ್ಲಿ ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟೇ ಹೆಚ್ಚು. ಆದ್ದರಿಂದ ಚೀಟಿಯ ಮೇಲೆ ಬರೀ 'ವಿಸ್ಕಿ' ಎಂದಿದ್ದರೆ ಸಾಲದು, 'ಸಿಂಗಲ್ ಮಾಲ್ಟ್' ಎಂದಿದೆಯೇ ನೋಡಿ.

ಒಳ್ಳೆಯದು ಬೇಕೆಂದರೆ ಸ್ಕಾಟ್‌ಲೆಂಡಿನದೇ ಆಗಬೇಕೆಂದು ನಾನು ತಿಳಿದಿದ್ದೆ. ಹಾಗೇನಿಲ್ಲವಂತೆ. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್‌ನವರು ಮೈಸೂರು ರಸ್ತೆಯ ಕಂಬೀಪುರದಲ್ಲಿ ಸಿಂಗಲ್ ಮಾಲ್ಟ್ ಮಾಡುತ್ತಾರೆ. 2004ರಲ್ಲಿ ಅದನ್ನು ಮೊದಲು ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತೆ? ಸ್ಕಾಟ್‌ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ! ಕೊಲ್ಲಾಪುರದವರಿಗೇ ಬೆಲ್ಲ ಮಾರಲು ಹೋದ ಹಾಗೆ. ಅವರ 'ಫ್ಯೂಷನ್' ಎಂಬ ಬಗೆಗೆ ಜಿಮ್ ಮರ್ರಿ ಎಂಬ ಇಂಗ್ಲಿಷ್ ಪರೀಕ್ಷಕರು ತಮ್ಮ 2010ರ ವಿಸ್ಕಿ ಪುಸ್ತಕದಲ್ಲಿ ನೂರಕ್ಕೆ 97 ಅಂಕ ಕೊಟ್ಟು, ಪ್ರಪಂಚಕ್ಕೇ ಮೂರನೆಯದು ಎಂದರು.

ವಯಸ್ಸಿನ ವಿಷಯದಲ್ಲಿ ಮೋಸಹೋಗಬೇಡಿ. ಸ್ಕಾಚ್ ಬಾಟಲಿಗಳ ಮೇಲೆ 12, 18 ಎಂದು ವರ್ಷ ಬರೆದಿರುತ್ತಾರೆ. ಅಲ್ಲಿ ಚಳಿ. ಪೀಪಾಯಿಯಲ್ಲಿಟ್ಟದ್ದು ವರ್ಷಕ್ಕೆ ನೂರಕ್ಕೆ ಎರಡು ಪಾಲಿನಷ್ಟು ಆರುತ್ತದೆ. ಬೆಂಗಳೂರಿನ ಹವೆಯಲ್ಲಿ ಅದು ಹತ್ತು ಪಾಲಿಗೂ ಮೇಲೆ. ಬೇಸಿಗೆಯಲ್ಲಿ ಉಪ್ಪಿನಕಾಯಿ ಬೇಗ ಮಾಗುವುದಿಲ್ಲವೆ, ಹಾಗೆಯೇ ಇದೂ ಬೇಗ ಮಾಗುತ್ತದೆ. ಇಲ್ಲಿ ಹದಿನೆಂಟು ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದೇ ಸ್ವಲ್ಪ. ಹಾಗಾಗಿ ನಮ್ಮ ಕಡೆಯ ಬಾಟಲಿಯ ಮೇಲೆ ವರ್ಷ ಬರೆದಿಲ್ಲವೆಂದು ಕೀಳಾಗಿ ಎಣಿಸಬೇಕಿಲ್ಲ. ಇನ್ನೊಂದು ಮಾತು, ಬಾಟಲಿಗೆ ಇಳಿದ ಮೇಲೆ ಅದು ಮಾಗುವುದಿಲ್ಲ. ಬೀರುವಿನಲ್ಲಿ ಹತ್ತು ವರ್ಷ ಬಚ್ಚಿಟ್ಟರೂ ಅದು ಅಷ್ಟೇ.

ಕೊಡುವ ಮೊದಲು ಅವರಿಗೆ ಹೊಗೆಯ ವಾಸನೆ ಹಿಡಿಸುತ್ತದೆಯೇ ವಿಚಾರಿಸಿ. 'ಪೀಟೆಡ್' ಎಂದಿದ್ದರೆ, ಬಾರ್ಲಿ ಒಣಗಿಸುವಾಗ ಪೀಟ್ ಎಂಬ ಜೌಗು ನೆಲದ ಮಣ್ಣುಗಡ್ಡೆಯನ್ನು ನಾವು ಬೆರಣಿ ಉರಿಸಿದಂತೆ ಉರಿಸಿ ಹೊಗೆ ಕೊಟ್ಟಿರುತ್ತಾರೆ. ಸೌದೆ ಒಲೆಯ ಮೇಲೆ ಹೊಗೆ ಹತ್ತಿದ ಹಾಲು ಕೆಲವರಿಗೆ ಇಷ್ಟ, ಕೆಲವರು ಲೋಟ ಮುಟ್ಟುವುದಿಲ್ಲ. ಇದೂ ಹಾಗೆಯೇ. ನಮ್ಮ ಬೀಗರಿಗೆ ಹೊಗೆ ಬೇಡವೆಂದು ಬೀಗಿತಿ ಹೇಳಿದ್ದರಿಂದ, ಫ್ಯೂಷನ್‌ನಲ್ಲೂ ಹೊಗೆ ಕೊಟ್ಟ ಬಾರ್ಲಿ ಸೇರಿದೆಯೆಂದು ತಿಳಿದು, ಅಮೃತ್‌ನ ಸಾದಾ ಸಿಂಗಲ್ ಮಾಲ್ಟನ್ನೇ ಆರಿಸಿದೆವು. ಬೆಲೆ ಸಾವಿರದ ಲೆಕ್ಕದಲ್ಲಿರುತ್ತದೆ, ಮನೆಯಲ್ಲೇ ನಿರ್ಧರಿಸಿಕೊಂಡು ಹೊರಡಿ.

ಅಂಗಡಿಗೆ ನಾನೇ ಹೋಗಲಿಲ್ಲ, ಸುಳ್ಳೇಕೆ ಹೇಳಲಿ? ಯಜಮಾನರೂ ಅಳಿಯಂದಿರೂ ಬೆಂಗಳೂರಿನಲ್ಲೇ ಕೊಂಡರು. ಮುಚ್ಚಳದ ಸೀಲು, ಅಬಕಾರಿ ಇಲಾಖೆಯ ಚೀಟಿ, ಮುದ್ರಿತ ಬೆಲೆ ಮೂರನ್ನೂ ನೋಡಿ ಬಿಲ್ಲು ಪಡೆಯಿರಿ ಎಂದು ಹೇಳಿ ಕಳಿಸಿದ್ದೆ. ಬಾಟಲಿಯನ್ನು ಬಿಸಿಲು ತಾಗದ ಕಡೆ ನಿಲ್ಲಿಸಿ ಇಡಬೇಕು. ಮಲಗಿಸಿದರೆ ಬಿರಡೆ ಹಾಳಾಗುತ್ತದೆ. ಗುಜರಾತು, ಬಿಹಾರದ ಕಡೆಯ ನೆಂಟರಿಗಾದರೆ ಒಯ್ಯಲೇಬೇಡಿ, ಅಲ್ಲಿ ಪಾನನಿಷೇಧವಿದೆ.

ಸಮಾರಂಭದ ದಿನ ಎಲ್ಲರೆದುರು ಕೊಟ್ಟದ್ದು ಹಣ್ಣು, ಪಂಚೆ. ಬಾಟಲಿಯನ್ನು ನೆಂಟರೆಲ್ಲ ಹೊರಟ ಮೇಲೆ, ಬೀಗಿತಿಯ ಕೈಗೇ ಕೊಟ್ಟೆವು, ಜೊತೆಗೆ ನಮ್ಮೂರಿನ ಎರಡು ಸೇರು ಹುರಿದ ಕಡಲೆಕಾಯಿ. ಬೀಗರು ಬಾಟಲಿ ತಿರುಗಿಸಿ ನೋಡಿ ಮಗುವಿನಂತೆ ನಕ್ಕರು. ಬೀಗಿತಿ ಅದನ್ನು ತೆಗೆದುಕೊಂಡು ಹೋಗಿ ತಮ್ಮ ಬೀರುವಿನಲ್ಲಿಟ್ಟು, "ಶನಿವಾರ" ಅಂದರು.

ಇದಾಗಿ ತಿಂಗಳೊಳಗೆ ಅಣ್ಣನ ಮಗನಿಗೆ ಕೆಲಸವಾಯಿತು. ಹುಡುಗ ಒಳ್ಳೆಯವನು. "ಇವನಿಗೂ ಅದೇ ಬಾಟಲಿ ಕೊಡೋಣವೆ?" ಎಂದು ಅಳಿಯಂದಿರು ಕೇಳಿದರು. ನಾನು ಬೇಡವೆಂದೆ. ಯಾವ ಅಳತೆಯ ಕುಡಿತವೂ ಆರೋಗ್ಯಕ್ಕೆ ಕ್ಷೇಮವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದಿರಲಿ, ಎಷ್ಟೇ ಬೆಲೆಯದಾದರೂ, ಹೆಸರೇ ಅಮೃತವಾದರೂ, ಅತ್ತಿಗೆಯ ಕಣ್ಣಿಗೆ ಅದು ಬಾಟಲಿಯೇ. ಕಡಲು ಕಡೆದಾಗ ಅಮೃತ ಬರುವ ಮೊದಲು ಹಾಲಾಹಲ ಬಂತಲ್ಲ, ಆಕೆ ಅದನ್ನು ಉಂಡವಳು. ಹುಡುಗನಿಗೆ ಒಂದು ಒಳ್ಳೆಯ ಕರಿ ಕಂಬಳಿ ಕೊಂಡುಕೊಟ್ಟೆ. ಅತ್ತಿಗೆ ಅದನ್ನು ತಾನೇ ಮಡಿಚಿ ಅವನ ಪೆಟ್ಟಿಗೆಯಲ್ಲಿಟ್ಟಳು.

ಯಾವ ಬಾಟಲಿ ಎಂದು ಅಂಗಡಿಯವನು ಹೇಳುತ್ತಾನೆ. ತರಬಹುದೇ ಎಂದು ಹೇಳಬೇಕಾದವಳು ಆ ಮನೆಯಾಕೆ. ಮೊದಲು ಆಕೆಯನ್ನು ಕೇಳಿ. ಏನಂತೀರಿ?